ಮಾತಿನ ಬಾಲ

ಪಂಢರಿನಾಥನ ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಹೋಗಿ ಎಷ್ಟು ವರ್ಷವಾಗಿತ್ತೋ ಅವನಿಗೇ ಗೊತ್ತಿಲ್ಲ. ತಮಿಳು ಸೀಮೆಯ ಅಂಬತ್ತೂರಿನ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ತಗಡು ಒತ್ತುವ ಪ್ರೆಸ್ಸುಗಳ ನಡುವೆ ಇಪ್ಪತ್ತೇಳು ವರ್ಷ ನಿಂತವನು. ಆ ಸದ್ದಿನಲ್ಲಿ ಕಿವಿ ನೆಟ್ಟಗಿದ್ದವರಿಗೂ ಏನೂ ಕೇಳುತ್ತಿರಲಿಲ್ಲ. ಎಲ್ಲರದೂ ಕೈಸನ್ನೆ, ತಲೆಯಾಡಿಸುವುದು, ತುಟಿ ನೋಡಿ ತಿಳಿಯುವುದು. ಹಾಗಾಗಿ ಇವನ ಕಿವುಡು ಯಾರ ಕಣ್ಣಿಗೂ ಬೀಳಲಿಲ್ಲ. ಯಂತ್ರ ಮುನಿಸಿಕೊಂಡರೆ ಅದರ ಮೈಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಲ್ಲುವನು, ರೋಗ ಇಂಥದ್ದೆಂದು ಹೇಳುವನು. ತಪ್ಪಿದ್ದೇ ಇಲ್ಲ.

2005ರಲ್ಲಿ ಕಂಪನಿ ಪ್ರೆಸ್ಸುಗಳನ್ನೆಲ್ಲ ಲಾರಿಗೇರಿಸಿ, ತೆರಿಗೆ ವಿನಾಯಿತಿ ಸಿಗುವ ಉತ್ತರದ ಯಾವುದೋ ಊರಿಗೆ ಸಾಗಿಸಿತು. ಕೆಲವರು ಜೊತೆಗೆ ಹೋದರು, ಹೆಚ್ಚಿನವರು ಮನೆಗೆ ಹೋದರು. ಪಂಢರಿನಾಥನಿಗೆ ಮಾತ್ರ ಬಡ್ತಿ. ಎಗ್ಮೋರಿನ ಆಫೀಸಿನಲ್ಲಿ ಕುರ್ಚಿ, ಫ್ಯಾನು, ಮೇಜಿನ ಮೇಲೊಂದು ಫೋನು. ಅಲ್ಲಿ ಯಂತ್ರ ಕೆಟ್ಟರೆ ಇವನು ಇಲ್ಲಿಂದಲೇ ದಾರಿ ಹೇಳಬೇಕು. ಹೆಂಡತಿ ಸುಮತಿ ಅಕ್ಕಪಕ್ಕದವರಿಗೆಲ್ಲ ಪಾಯಸ ಕೊಟ್ಟು ಬಂದಳು. ನಿವೃತ್ತಿಗೆ ಇನ್ನೂ ಮೂರು ವರ್ಷ, ಮಗಳು ಪ್ರೇರಣಾ ಕಾಲೇಜಿನಲ್ಲಿ. ಕಿವಿಯ ಸಂಗತಿ ಬಾಯಿಬಿಟ್ಟರೆ ಕುರ್ಚಿ ಹೋಯಿತೆಂದೇ ಲೆಕ್ಕ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮನೆಯಲ್ಲಿ ಮಗಳು, "ಅಪ್ಪಾ, ಕಾದು ಕೇಕ್ಕಲಿಯಾ?" ಎಂದು ತಮಿಳಿನಲ್ಲಿ ರೇಗಿದರೆ ನಕ್ಕುಬಿಡುವನು. ಕಿವಿ ಕೇಳಿಸೋದಿಲ್ಲವಾ ಎಂದು ಅವಳು ಕೇಳಿದ್ದು ಸತ್ಯವಾದ ಮಾತು, ಅದು ಅವಳಿಗೆ ಗೊತ್ತಿರಲಿಲ್ಲ ಅಷ್ಟೆ.

ಉತ್ತರಕ್ಕೆ ಹೋದವರಲ್ಲಿ ಉದಯ್ ಒಬ್ಬ. ಹದಿನೈದು ವರ್ಷ ಇವನ ಪಕ್ಕದ ಪ್ರೆಸ್ಸಿನಲ್ಲಿದ್ದವನು, ಎರಡು ಮಕ್ಕಳ ತಂದೆ. ಪಂಢರಿನಾಥನನ್ನು ಅಣ್ಣ ಎಂದೇ ಕರೆಯುವನು, ಅಣ್ಣನ ಹತ್ತಿರ ಕನ್ನಡದಲ್ಲೇ ಮಾತಾಡಬೇಕೆಂಬ ಅಕ್ಕರೆ ಅವನದು. ಆ ಅಕ್ಕರೆಯೇ ಮುಳುವಾಯಿತು. ನಮ್ಮ ಭಾಷೆಯಲ್ಲಿ ಇದೆಯೂ ಇಲ್ಲವೂ ಮಾತಿನ ಬಾಲದಲ್ಲಿ ಕೂತಿರುತ್ತವೆ. ಅಲ್ಲಿಗೆ ಬರುವಷ್ಟರಲ್ಲಿ ಹೇಳುವವನ ದನಿ ಇಳಿದಿರುತ್ತದೆ. ಎದುರಿಗಿದ್ದರೆ ತಲೆಯಾಡಿಸಿದ್ದಾದರೂ ಕಾಣುತ್ತದೆ. ಫೋನಿಗೆಲ್ಲಿಯ ತಲೆ?

"ಅಣ್ಣಾ, ಮೂರನೇ ಪ್ರೆಸ್ಸು. ಪೆಡಲ್ ಬಿಟ್ಟ ಮೇಲೆ ಬ್ರೇಕ್ ಹಿಡೀತಾ..." ಎಂದ ಉದಯ್ ಒಂದು ಬೆಳಿಗ್ಗೆ.

ಬಾಲ ಕೇಳಲಿಲ್ಲ. ಏನಂದೆ ಎಂದು ಎರಡು ಸಲ ಕೇಳಿದ. ಪಕ್ಕದ ಮೇಜಿನ ಮೇಲಧಿಕಾರಿ ವೆಂಕಟೇಶ ತಲೆಯೆತ್ತಿ ನೋಡಿದ. ಮೂರನೇ ಸಲ ಕೇಳಲು ಪಂಢರಿನಾಥನಿಗೆ ನಾಚಿಕೆಯಾಯಿತು. ಹಿಡೀತಾ ಇದೆ ಎಂದೇ ಅಂದಿರಬೇಕು ಎಂದುಕೊಂಡ.

"ಸರಿಯಪ್ಪಾ, ಓಡಿಸು" ಎಂದ.

ಹದಿನೈದು ವರ್ಷ ಅಣ್ಣ ಹೇಳಿದ್ದು ತಪ್ಪಾಗಿರಲಿಲ್ಲ. ಉದಯ್ ಓಡಿಸಿದ. ಬ್ರೇಕು ಹಿಡಿಯುತ್ತಿರಲಿಲ್ಲ. ಮೇಲೆ ನಿಲ್ಲಬೇಕಾದ ಭಾರ ನಿಲ್ಲದೆ ಇಳಿಯಿತು, ಅವನ ಬಲಗೈಯ ಎರಡು ಬೆರಳು ಹೋದವು.

ಸುದ್ದಿ ಬಂದ ದಿನ ಪಂಢರಿನಾಥ ವೆಂಕಟೇಶನ ಮುಂದೆ ನಿಂತು ಅತ್ತುಬಿಟ್ಟ. ತನಗೆ ಕಿವಿ ಕೇಳುವುದಿಲ್ಲ, ಕೀಲ್ಪಾಕಿನ ಡಾಕ್ಟರು ಹೋದ ವರ್ಷವೇ ಹೇಳಿದ್ದರು, ತನ್ನನ್ನು ಯಂತ್ರದ ಹತ್ತಿರಕ್ಕೇ ಕಳಿಸಿ, ಕೈಯಿಟ್ಟು ಹೇಳುತ್ತೇನೆ ಎಂದ. ವೆಂಕಟೇಶ ಎದ್ದು ಬಾಗಿಲು ಹಾಕಿದ. ಈ ವಯಸ್ಸಿಗೆ ಅಲ್ಲಿಯವರೆಗೆ ಯಾರು ಕಳಿಸುತ್ತಾರೆ ಎಂದ. ಆಮೇಲೆ ಇವನಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ.

"ಕಿವುಡು ಅಂತ ಬರೆದ್ರೆ, ಕಿವುಡು ಮಾಡಿದ್ದು ಯಾರು ಅಂತ ಕೇಳ್ತಾರೆ. ಲೈನ್ ಸರಿ ಇರ್ಲಿಲ್ಲ ಅಂತ ಬರೆದಿದೀನಿ. ನೀವು ಬಾಯಿ ಬಿಡಬೇಡಿ."

ಮುಂದಿನ ವಾರ ಮೇಜಿಗೆ ಹೊಸ ಫೋನು ಬಂತು. ಹಳೆಯದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳುವುದು ಕೇಳುತ್ತಿತ್ತು, ಮಾತು ಮಾತ್ರ ಮೊದಲಿನಷ್ಟೇ.

ತಿಂಗಳಾದ ಮೇಲೆ ಉದಯನದೇ ಫೋನು. ಗಾಯ ಮಾಗುತ್ತಿದೆಯೆಂದೋ ಏನೋ ಹೇಳಿದ. ಪಂಢರಿನಾಥ ಫೋನನ್ನು ಬಲಗಿವಿಗೆ ಅದುಮಿ ಹಿಡಿದಿದ್ದ. ಕೊನೆಗೆ ಉದಯ್ ಹೇಳಿದ.

"ಅಣ್ಣಾ, ನಿಮ್ಮ ಮೇಲೆ ನಂಗೆ ಕೋಪ..."

ಬಾಲ ಕೇಳಲಿಲ್ಲ. ಏನಂದೆ ಎಂದು ಕೇಳಲು ಬಾಯಿ ಬರಲಿಲ್ಲ. ಆ ಕಡೆ ಅವನು ಉತ್ತರಕ್ಕೆ ಕಾಯುತ್ತಿದ್ದ.

"ಸರಿಯಪ್ಪಾ" ಎಂದ ಪಂಢರಿನಾಥ.