ಆರ್ಡಿಸ್‌ಳ ಭುಜ ಯಾವಾಗ ನೋಯಲು ಶುರುವಾಯಿತು?

ನಮ್ಮ ಮಿನೆಸೋಟದವರಿಗೆ ನೋವೆಂದು ಬಾಯಿಬಿಟ್ಟು ಹೇಳುವುದು ಬಹಳ ನಾಚಿಕೆಯ ಸಂಗತಿ. ಅದರಲ್ಲಿ ಶಾಲೆಯ ಅಡುಗೆಮನೆಯ ಆರ್ಡಿಸ್ ಲುಂಡೀನ್ ನಮಗೆಲ್ಲ ಗುರು.

ಒಂದು ಶುಕ್ರವಾರ ಸಂಜೆ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡಳು. ಸೂಜಿ ತೀರಾ ಮೇಲೆ, ಭುಜದ ಕೀಲಿಗೇ ಹೋಯಿತು. ಎರಡು ವರ್ಷವಾದರೂ ಬಲಗೈ ಎದೆಯಿಂದ ಮೇಲೆ ಏಳದು, ಕೆಲಸವೂ ಹೋಯಿತು. ಇಂಥವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಲಸಿಕೆಯಾದ ನಲವತ್ತೆಂಟು ಗಂಟೆಯೊಳಗೆ ನೋವು ಶುರುವಾಯಿತೆಂದು ತೋರಿಸಬೇಕು. ನೋವು ಶುರುವಾದ ಹೊತ್ತನ್ನು ಯಾರಾದರೂ ಹೇಗೆ ತೋರಿಸುತ್ತಾರೆ? ನನಗೆ ಅದೇ ಕುತೂಹಲ.

ಹನ್ನೊಂದನೇ ದಿನ ರಕ್ತದೊತ್ತಡ ನೋಡಿದ ಡಾಕ್ಟರು "ಹೇಗಿದ್ದೀರಿ?" ಅಂದರೆ ಈ ಮಹಾತಾಯಿ "ಚೆನ್ನಾಗಿದ್ದೀನಿ, ಏನೂ ತೊಂದರೆ ಇಲ್ಲ" ಅಂದಿದ್ದಾಳೆ! ಅವರು ಹಾಗೇ ಬರೆದುಕೊಂಡಿದ್ದಾರೆ. ಸರ್ಕಾರದ ವಕೀಲರು ಆ ಒಂದು ಸಾಲನ್ನೇ ಹಿಡಿದು ಕೂತರು.

ವಿಚಾರಣೆ ವಿಡಿಯೊದಲ್ಲಿ ನಡೆಯಿತು. ಅವಳ ಗೆಳತಿ ಮಾರ್ಲಿಸ್ ಆದ ನಾನೇ ಸಾಕ್ಷಿ. ಅವಳ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂತೆವು.

"ಭುಜ ಈಗ ಹೇಗಿದೆ?" ನ್ಯಾಯಾಧೀಶೆ ಕೇಳಿದರು.

"ಪರವಾಗಿಲ್ಲ. ಇದಕ್ಕಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ."

ನನಗೆ ಮೈಯೆಲ್ಲ ಉರಿಯಿತು. ಮೇಜಿನಡಿ ಅವಳ ಕಾಲು ತುಳಿದೆ.

ಆಮೇಲೆ ನನ್ನ ಸರದಿ. "ಲಸಿಕೆ ಆದ ಮೇಲೆ ಬಂದ ಭಾನುವಾರ ಬೆಳಿಗ್ಗೆ ಏನು ಕಂಡಿರಿ?"

"ಚರ್ಚ್‌ನಲ್ಲಿ ಪ್ರಾರ್ಥನೆ ಮುಗಿದ್ಮೇಲೆ ಕಾಫಿ ಬಗ್ಗಿಸೋ ದೊಡ್ಡ ಕೆಟಲ್ ನನ್ನ ಕೈಗೆ ಕೊಟ್ಟಳು. ಮೂವತ್ತು ವರ್ಷದಿಂದ ಅದನ್ನ ಯಾರಿಗೂ ಮುಟ್ಟೋಕೆ ಬಿಟ್ಟವಳಲ್ಲ, ಮೇಡಂ."

"ಯಾಕೆ ಅಂತ ಕೇಳಲಿಲ್ವಾ?"

"ಇಲ್ಲ. ಕೊನೆಗೂ ನನ್ನನ್ನ ನಂಬಿದಳು ಅಂತ ಹಿಗ್ಗಿಹೋದೆ. ವಾರವೆಲ್ಲ ಊರಿಗೆ ಹೇಳ್ಕೊಂಡು ತಿರುಗಿದೆ."

ಸರ್ಕಾರದ ವಕೀಲರು ಥಟ್ಟನೆ ಆ ಮಾತನ್ನು ಹಿಡಿದರು. "ಅಂದ್ರೆ ವಿಶ್ವಾಸದಿಂದಲೇ ಕೊಟ್ಟಿರಬಹುದು, ಅಲ್ವಾ?"

ಆರ್ಡಿಸ್ ನನ್ನ ಮುಖವನ್ನೇ ನೋಡಿದಳು. ನನ್ನ ಮನಸ್ಸು ನೋಯಿಸದೆ ಅವಳು ಗೆಲ್ಲುವಂತಿರಲಿಲ್ಲ.

"ತಪ್ಪು ತಿಳ್ಕೋಬೇಡ ಮಾರ್ಲಿಸ್," ಅಂದಳು. "ಕೆಟಲ್ ನಿನಗೆ ಕೊಡೋ ಯೋಚನೆ ನನಗಿರ್ಲೇ ಇಲ್ಲ. ನೀನು ಚೆಲ್ತೀಯ. ಶುಕ್ರವಾರ ರಾತ್ರಿಯಿಂದ ಪ್ರಾಣ ಹೋಗೋ ಅಂಥ ನೋವು ಕಣೇ. ಎತ್ತೋಕೇ ಆಗ್ಲಿಲ್ಲ."

ಅಷ್ಟಂದು, ನನ್ನೆದುರು ಮೊದಲ ಸಲ, ಬಿಕ್ಕಿಬಿಕ್ಕಿ ಅತ್ತಳು. ನ್ಯಾಯಾಧೀಶೆ ಬರೆದುಕೊಳ್ಳುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ಪರಿಹಾರ ಮಂಜೂರಾಯಿತು. ಅವಳ ಮಾತು ನಿಜವೆಂದೇ ತೀರ್ಪಿನಲ್ಲಿತ್ತು. ನನಗೆ ಖುಷಿಯಾಯಿತು, ಅವಮಾನವೂ ಆಯಿತು. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು: ಎರಡು ವರ್ಷ ಪಕ್ಕದಲ್ಲೇ ಕೂತು ಕಾಫಿ ಕುಡಿದವಳು ನಾನು, ನೋಯುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.