ದುಪ್ಪಟಿಯೊಳಗಿನ ವ್ಯಾಪಾರ

ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ರಾಮನಗರದ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದ ಮೇಲೆ ಆ ಬಾಯೇ ನನ್ನ ಕೈ ಹಿಡಿಯಿತು. ಯಾವೂರು, ರೇಷ್ಮೆಹುಳ ಪೊರೆ ಬಿಡುವ ಎಷ್ಟನೇ ಜ್ವರದಲ್ಲಿವೆ, ಗೂಡಿಗೆ ಒಳ್ಳೇ ರೇಟು ಬಂತೇ ಎಂದು ರೋಗಿಗಳನ್ನು ವಿಚಾರಿಸುತ್ತಲೇ ಸೂಜಿ ಚುಚ್ಚಿಬಿಡುತ್ತಿದ್ದೆ. ಉತ್ತರ ಹೇಳುವ ಗಡಿಬಿಡಿಯಲ್ಲಿ ಅವರಿಗೆ ನೋವೇ ತಿಳಿಯುತ್ತಿರಲಿಲ್ಲ. ಹಂದಿಜ್ವರ ಬಂದ ವರ್ಷ ಆ ಬಾಯಿಗೆ ಬೀಗ ಬಿತ್ತು.

ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಪಾಳಿ ಮುಗಿಸಿದವರನ್ನು ತುಂಬಿಕೊಂಡು ಬರುವ ಬಸ್ಸುಗಳಲ್ಲೇ ಜ್ವರವೂ ಊರೂರಿಗೆ ಬಂದಿಳಿಯಿತು. ನಮ್ಮಲ್ಲಿ ಹಿಂದುಗಡೆಯ ಕೋಣೆಯೊಂದನ್ನು ಖಾಲಿ ಮಾಡಿಸಿ ಪ್ರತ್ಯೇಕ ವಾರ್ಡು ಮಾಡಿದರು. ಅದರೊಳಕ್ಕೆ ಹೋಗಬೇಕಾದರೆ ತಲೆಗೆ ಟೋಪಿ, ಮೂಗುಬಾಯಿಗೆ ಮಾಸ್ಕು, ಪಾದದ ತನಕ ಗೌನು, ಕೈಗೆ ಒಂದರ ಮೇಲೊಂದು ಗ್ಲೌಸು. ಕಣ್ಣಿಗೆ ಹಾಕುವ ಕನ್ನಡಕ ಸಾಲದೆ ಬಂದಾಗ ಯಾವುದೋ ಕಾರ್ಖಾನೆಯಿಂದ ಗ್ರೈಂಡಿಂಗ್ ಮಾಡುವವರ ಕನ್ನಡಕ ತರಿಸಿಕೊಟ್ಟರು. ಅದನ್ನು ಹಾಕಿಕೊಂಡು ಕನ್ನಡಿ ನೋಡಿ ನಾನೇ ಬೆಚ್ಚಿದ್ದೆ. ನಾನಾಡಿದ ಮಾತು ಮಾಸ್ಕು ದಾಟಿ ಹೊರಗೆ ಬರುವಷ್ಟರಲ್ಲಿ ಬರೀ ಗೊಣಗಾಟವಾಗಿರುತ್ತಿತ್ತು.

ಆ ವಾರ್ಡಿಗೆ ಒಬ್ಬ ತಾತ ಬಂದರು. ಮಾಗಡಿ ಕಡೆಯ ಗುಡೇಮಾರನಹಳ್ಳಿ ಪಕ್ಕದವರು, ದನದ ದಲ್ಲಾಳಿ. ಎದೆಯಲ್ಲಿ ಕಫ ಕಟ್ಟಿ ಉಸಿರು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿತ್ತು. ಆಕ್ಸಿಜನ್ ಮಾಸ್ಕು ಮುಖದ ಮೇಲಿದ್ದರೆ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. ತಾತನೋ, ನಾವು ಹಾಕಿ ಬೆನ್ನು ತಿರುಗಿಸುವುದರೊಳಗೆ ಅದನ್ನು ಕಿತ್ತೆಸೆಯುತ್ತಿದ್ದರು. ಕಿವಿ ಬೇರೆ ಮಂದ. ಜೀವಮಾನವೆಲ್ಲ ಎದುರಿನವನ ಮುಖ ನೋಡಿ ಅವನ ಮನಸ್ಸು ಅಳೆದವರು. ಇಲ್ಲಿ ನೋಡಿದರೆ ಯಾರಿಗೂ ಮುಖವೇ ಇಲ್ಲ. ನಾವು ಹತ್ತಿರ ಹೋದರೆ ಸಾಕು, ಮಂಚದ ಆ ತುದಿಗೆ ಸರಿಯುತ್ತಿದ್ದರು.

ಡ್ಯೂಟಿ ಡಾಕ್ಟರು ಇನ್ನೂ ಹುಡುಗ, ಕೆಟ್ಟವನಲ್ಲ. ನಿದ್ದೆಗೆಟ್ಟು ಅವನ ಕಣ್ಣೂ ಕೆಂಪಾಗಿದ್ದವು. "ಸಂಜೆ ತನಕ ನೋಡೋಣ ಸಿಸ್ಟರ್. ಆಮೇಲೂ ಹೀಗೇ ಕಿತ್ತು ಹಾಕಿದ್ರೆ ಎರಡೂ ಕೈ ಮಂಚಕ್ಕೆ ಕಟ್ಟಿಬಿಡಿ" ಎಂದ. ಅವನು ಹೇಳಿದ್ದು ಸರಿಯೇ, ಜೀವ ಉಳಿಯಬೇಕಲ್ಲ. ಆದರೂ ನನಗೆ ರೇಗಿತು. ಉಸಿರಿಗೆ ಒದ್ದಾಡುವ ಮುದುಕನ ಕೈ ಕಟ್ಟುವುದಕ್ಕೆ ನಾನು ಈ ಕೆಲಸಕ್ಕೆ ಸೇರಿದವಳಲ್ಲ.

ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಮೊದಲು ಆಕ್ಸಿಜನ್ ಮಾಸ್ಕು ತೋರಿಸಿದೆ, ಆಮೇಲೆ ಗೋಡೆಯ ಗಡಿಯಾರ. ಇದು ಮುಖದ ಮೇಲಿರಬೇಕು, ಮುಳ್ಳು ಅಲ್ಲಿಗೆ ಬರುವ ತನಕ ಎಂದು ಮೂಕಿಯ ಹಾಗೆ ಕೈ ಆಡಿಸಿದೆ. ತಾತ ನನ್ನನ್ನೂ ಗಡಿಯಾರವನ್ನೂ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕೈಯನ್ನು ದುಪ್ಪಟಿಯೊಳಕ್ಕೆ ಎಳೆದುಕೊಂಡು ಎರಡು ಬೆರಳು ಗಟ್ಟಿಯಾಗಿ ಹಿಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಇದೇನು ಬುದ್ಧಿ ಎಂದು ಕೈ ಕಿತ್ತುಕೊಂಡು ಬಯ್ಯತೊಡಗಿದೆ. ವರಾಂಡದ ಕಿಟಕಿಯ ಗಾಜಿಗೆ ಮುಖ ಒತ್ತಿಕೊಂಡು ಅವರ ಹೆಂಡತಿ ನಿಂತಿದ್ದರು. ಆ ಅಜ್ಜಿ ಗಾಜು ಬಡಿದು ನನ್ನನ್ನು ಕರೆದರು. ನಾನು ಗಾಜಿನ ಹತ್ತಿರ ಹೋದೆ.

"ಬಯ್ಬ್ಯಾಡ ಕಣವ್ವ" ಎಂದು ಅಜ್ಜಿ ಕೂಗಿ ಹೇಳಿದರು. "ಅವ್ರು ವ್ಯಾಪಾರಕ್ಕೆ ಕುಂತವ್ರೆ. ದನದ್ ಸಂತೇಲಿ ಟವಲ್ ಒಳ್ಗೆ ಬೆರಳ್ ಹಿಡ್ದೇ ರೇಟು ಮಾತಾಡದು. ಬಾಯ್ಬುಟ್ರೆ ಪಕ್ಕದೋರ್ಗೆ ಗೊತ್ತಾಗೋಯ್ತದಲ್ಲ. ನೀನು ಗಡಿಯಾರ ತೋರ್ಸ್ದೆ, ಅವ್ರು ಎಷ್ಟ್ ಬೆರಳ್ ಹಿಡ್ದ್ರೋ ಅಷ್ಟ್ ಗಂಟೆ ಅಂದ್ರು. ನೀನೂ ಒಸಿ ಎಳೆದಾಡು, ಸುಮ್ಕೆ ಒಪ್ಕಬ್ಯಾಡ."

ನಾನು ಎಳೆದಾಡುವುದರಲ್ಲಿ ಯಾರಿಗೇನು ಕಮ್ಮಿ? ರಾಮನಗರದ ಬಟ್ಟೆ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ. ವಾಪಸು ಹೋಗಿ ಕೂತು ನನ್ನ ಕೈಯನ್ನು ನಾನೇ ದುಪ್ಪಟಿಯೊಳಕ್ಕೆ ಹಾಕಿದೆ. ತಾತನ ಐದೂ ಬೆರಳು ಒಟ್ಟಿಗೆ ಹಿಡಿದೆ. ಅವರು ತಲೆ ಅಡ್ಡಡ್ಡ ಆಡಿಸಿ ಮತ್ತೆ ಎರಡು ಹಿಡಿದರು. ನಾನು ಎದ್ದು ಹೊರಡುವ ಹಾಗೆ ಮಾಡಿದೆ. ಕೈ ಬಿಡಲಿಲ್ಲ, ಮೂರಕ್ಕೆ ಬಂದರು. ಮೂರಕ್ಕೆ ಕುದುರಿತು. ಮಾತು ಕೊಟ್ಟ ಮೇಲೆ ಮುಗಿಯಿತು, ದಲ್ಲಾಳಿ ಮಾತಿಗೆ ತಪ್ಪುವ ಹಾಗಿಲ್ಲ. ಆ ಮೂರು ಗಂಟೆ ಆಕ್ಸಿಜನ್ ಮಾಸ್ಕನ್ನು ಮುಟ್ಟಲಿಲ್ಲ. ಗಂಟೆ ಮುಗಿದ ಮೇಲೆ ಮೂಗಿಗೆ ಸಣ್ಣ ಕೊಳವೆ ಹಾಕಿ ಒಂದು ಲೋಟ ಕಾಫಿ ಕೊಟ್ಟೆ, ಕಿಟಕಿಯಲ್ಲಿ ಅಜ್ಜಿಯ ಮುಖ ತೋರಿಸಿದೆ, ಮತ್ತೆ ವ್ಯಾಪಾರಕ್ಕೆ ಕೂತೆ. ಸಂಜೆ ಡಾಕ್ಟರು ಬಂದಾಗ, ಕಟ್ಟುವುದಕ್ಕೆಂದು ತಂದಿಟ್ಟಿದ್ದ ಬಟ್ಟೆಯನ್ನು ನಾನೇ ಅವನ ಕೈಗೆ ಕೊಟ್ಟು ಕಳಿಸಿದೆ.

ಅಲ್ಲಿಂದ ಮುಂದೆ ದಿನವೂ ಇದೇ ಆಟ. ಎರಡು ಪದರದ ರಬ್ಬರಿನ ಆಚೆಯಿಂದಲೇ ತಾತ ನನ್ನನ್ನು ಓದತೊಡಗಿದರು. ಒಂದು ದಿನ ಕಾಫಿ ಕುಡಿಯುತ್ತಾ, "ಇವತ್ತು ನಿನ್ ಕೈ ಸಡ್ಲ ಐತೆ ಕಣವ್ವ, ಉಂಡಿಲ್ವಾ?" ಎಂದರು. ನಿಜಕ್ಕೂ ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನನ್ನ ಮನೆಯವರಿಗೂ ಹೊಳೆಯದ್ದು ಮುಖ ಕಾಣದ ಮನುಷ್ಯನಿಗೆ ಹೊಳೆದಿತ್ತು. ಕನ್ನಡಕದೊಳಗೆ ಕಣ್ಣು ತುಂಬಿತು, ಒರೆಸಿಕೊಳ್ಳುವ ಹಾಗೂ ಇಲ್ಲ.

ಆಮೇಲೆ ಒಂದು ಮಧ್ಯಾಹ್ನ ಜ್ವರ ಏರಿಬಿಟ್ಟಿತು. ತಾತ ಕಣ್ಣು ಬಿಡಲಿಲ್ಲ. ಡಾಕ್ಟರು ಬೆಂಗಳೂರಿಗೆ ಕಳಿಸುವ ಮಾತೆತ್ತಿದ, ದಾರಿಯಲ್ಲಿ ತಡೆಯುತ್ತಾರೋ ಇಲ್ಲವೋ ಎಂದೂ ಅಂದ. ಕಿಟಕಿಯಾಚೆ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ದುಪ್ಪಟಿಯೊಳಗೆ ಕೈ ಹಾಕಿ ತಾತನ ಐದೂ ಬೆರಳು ಹಿಡಿದೆ. ಕೆಂಡದ ಹಾಗೆ ಸುಡುವ ಕೈ, ಹಿಡಿತವೇ ಇಲ್ಲ. ಗೌನಿನೊಳಗೆ ಬೆವರು ಇಳಿಯುತ್ತಿತ್ತು. ನನಗೆ ಹೆದರಿಕೆಯಾಯಿತು. ಆದರೂ ಬಿಡಲಿಲ್ಲ. ಹಟ ನನ್ನ ಹುಟ್ಟುಗುಣ. ಐದು ತಾತ, ಐದು ಎಂದು ಒತ್ತುತ್ತಲೇ ಕೂತೆ.

ಬಹಳ ಹೊತ್ತಾದ ಮೇಲೆ ತಾತನ ಬೆರಳು ಅಲುಗಿತು. ನನ್ನ ಕೈಯನ್ನು ತಡವಿಕೊಂಡು, ಕಿರುಬೆರಳೊಂದನ್ನು ಮೆಲ್ಲಗೆ ಆಚೆಗೆ ತಳ್ಳಿ, ಉಳಿದ ನಾಲ್ಕನ್ನು ಹಿಡಿದುಕೊಂಡರು.

ಸಾವು ಬಾಗಿಲಲ್ಲಿ ನಿಂತಿದ್ದರೂ ಒಂದು ಗಂಟೆ ಕಮ್ಮಿ ಮಾಡಿಸುತ್ತಿದ್ದಾರೆ, ಪುಣ್ಯಾತ್ಮ. ನಾನು ಮಾಸ್ಕಿನೊಳಗೇ ಜೋರಾಗಿ ನಕ್ಕುಬಿಟ್ಟೆ. ಕನ್ನಡಕಕ್ಕೆಲ್ಲ ಹಬೆ ಕಟ್ಟಿ ಏನೂ ಕಾಣದಾಯಿತು. ಕಿಟಕಿಯ ಕಡೆ ತಿರುಗಿ ನಾಲ್ಕು ಬೆರಳು ಎತ್ತಿ ತೋರಿಸಿದೆ. ಅಜ್ಜಿ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಬೆಂಗಳೂರಿಗೆ ಕಳಿಸುವ ಪ್ರಮೇಯ ಬರಲಿಲ್ಲ. ಜ್ವರ ಇಳಿಯಿತು, ಉಸಿರು ಹದಕ್ಕೆ ಬಂತು.

ಮನೆಗೆ ಕಳಿಸುವ ದಿನ ನಾನು ಗೌನು, ಮಾಸ್ಕು, ಕನ್ನಡಕ ಎಲ್ಲ ಕಳಚಿ, ಮುಖ ತೊಳೆದು ಗೇಟಿನ ಹತ್ತಿರ ಹೋದೆ. ಆಟೋ ಬಂದು ನಿಂತಿತ್ತು. ತಾತ ಯಾರೋ ಅಂದುಕೊಂಡು ಆಚೆ ನೋಡಿದರು. ಇವ್ಳೇ ಕಣ್ರೀ ಅವ್ಳು ಎಂದು ಅಜ್ಜಿ ಕಿವಿಯ ಹತ್ತಿರ ಕೂಗಿದಾಗ, ಎತ್ತಿನ ಹಲ್ಲು ಎಣಿಸುವವರ ಹಾಗೆ ನನ್ನ ಮುಖವನ್ನೇ ನೋಡಿದರು.

"ನೀನಾ? ಯಾರೋ ವಯಸ್ಸಾದ್ ಗಟ್ಟಿ ಹೆಂಗ್ಸು ಅನ್ಕಂಡಿದ್ದೆ. ಈ ಮಕ ಮೊದ್ಲೇ ಕಂಡಿದ್ರೆ ಒಂದ್ ಗಂಟೇನೂ ಒಪ್ತಿರ್ನಿಲ್ಲ."

"ಅದ್ಕೇ ತಾತ ಮುಚ್ಕೊಂಡಿದ್ದು" ಎಂದು ನಾನೂ ಅವರ ಕಿವಿಗೆ ಕೂಗಿದೆ.

ತಾತ ಗೇಟಿನ ಕಾವಲಿನವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ನಾವಿಬ್ಬರೂ ಹೆಂಗಸರು ಉಸಿರು ಬಿಗಿ ಹಿಡಿದು ಕಾದೆವು. ನಗು ಮುಗಿಯಿತು, ಕೆಮ್ಮು ಬರಲಿಲ್ಲ.