ಎರಡನೇ ಸಾಲಿನ ನಿಲುಗಡೆ

ಇವತ್ತು ಬ್ಯಾಡಗಿಯಲ್ಲಿ ಹತ್ತಿದ ಆಟೊದೊಳಗೆ ಮೆಣಸಿನಕಾಯಿ ಚೀಲವಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನೆನಪಿನಲ್ಲಿ ನಾನು ದೊಡ್ಡವ್ವನ ಅಂಗಳಕ್ಕೆ ಹೋಗಿಬಿಟ್ಟೆ.

ಅಲ್ಲಿ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನನ್ನವ್ವನ ಅಕ್ಕ, ದೊಡ್ಡವ್ವ, ತಾನೇ ಕಟ್ಟಿದ ಹಾಡು ಹೇಳುತ್ತಿದ್ದಳು. ಎರಡನೇ ಸಾಲು ಮುಗಿಯುವಷ್ಟರಲ್ಲಿ ಅವಳಿಗೆ ಸೀನು ಬರುತ್ತಿತ್ತು. ಎಲ್ಲರೂ ಕೈ ನಿಲ್ಲಿಸಿ ಕಾಯುತ್ತಿದ್ದರು, ಅವಳು ಸೀನಿದ ಮೇಲೆ ನಕ್ಕು ಮುಂದಿನ ಸಾಲು ಹಿಡಿಯುತ್ತಿದ್ದರು. ಬರಬರುತ್ತಾ ಸೀನು ಬರದಿದ್ದರೂ ಅಲ್ಲಿ ನಿಲ್ಲುವುದೇ ರೂಢಿಯಾಯಿತು.

ಒಮ್ಮೆ, ಆಗಲೇ ದೊಡ್ಡ ಹೆಸರು ಮಾಡಿದ್ದ ಪಾಪ್ ಗಾಯಕನೊಬ್ಬ ಬಂದು ರೊಟ್ಟಿ ಉಂಡು, ಆ ಹಾಡನ್ನು ರೆಕಾರ್ಡ್ ಮಾಡಿಕೊಂಡ. "ಆಲ್ಬಮ್ ಮ್ಯಾಲ ನಿಮ್ಮ ಹೆಸರ ಹಾಕಸ್ತೇನಿ, ಅವ್ವಾರ" ಎಂದಿದ್ದ.

ಇಷ್ಟು ವರ್ಷ ಸುಮ್ಮನಿದ್ದು, ಈಗ ಮುಪ್ಪಿನಲ್ಲಿ ಆಲ್ಬಮ್ ತಂದಿದ್ದಾನೆ. ಅದರ ಮೊದಲ ಹಾಡೇ ಇದು. ಜನಪ್ರಿಯ ಹಾಡುಗಳ ಎಲ್ಲ ಪಟ್ಟಿಗಳಲ್ಲೂ ಮೇಲಿದೆ. ಸಾಹಿತ್ಯ, ಸಂಗೀತ, ಗಾಯನ ಮೂರೂ ಅವನ ಹೆಸರಿನಲ್ಲೇ ಇವೆ. ಅದನ್ನಾದರೂ ನುಂಗಿಕೊಂಡೇನು. ಆದರೆ ಮೊನ್ನೆ ದೊಡ್ಡವ್ವ ಹಾಡತೊಡಗಿದಾಗ ಪಕ್ಕ ಕುಳಿತ ಹುಡುಗಿ, "ಯವ್ವಾ, ಈ ವಯಸ್ಸಿನ್ಯಾಗ ಮೊಬೈಲ್ ಹಾಡ ಕಲ್ತಬಿಟ್ಟಿ ನೋಡು!" ಎಂದು ನಕ್ಕಳಂತೆ. ಅಂದಿನಿಂದ ದೊಡ್ಡವ್ವ ಹಾಡಿಲ್ಲ.

ಆಟೊದಲ್ಲೂ ಅದೇ ಹಾಡು ಶುರುವಾಯಿತು. ಎರಡನೇ ಸಾಲಾದ ಮೇಲೆ ಸರಿಯಾಗಿ ಅಲ್ಲೇ ನಿಂತಿತು.

"ಕೇಳ್ರಿ ಅಕ್ಕಾರ, ಎಂಥಾ ಗ್ಯಾಪ್ ಕೊಟ್ಟಾನ! ಇದಕ್ಕ ಅನುಭವ ಅಂತಾರ" ಎಂದ ಆಟೊದವ.

ಗುರುತಿಲ್ಲದವರ ಮುಂದೆ ಬಾಯಿಯೇ ತೆರೆಯದ ನಾನು ಜೋರಾಗಿಯೇ ಅಂದೆ: "ಅನುಭವ ಅಲ್ಲರೀ ಅದು. ಅಲ್ಲಿ ನಮ್ಮ ದೊಡ್ಡವ್ವ ಸೀನತಿದ್ಲು."